ಬಿಡುವಿನ ಭಾನುವಾರ

ಪರದೇಶದಿಂದ ಓದಲಿಕ್ಕೆಂದು ತಂಡ ಕಟ್ಟಿಕೊಂಡು ಬರುವ ಹುಡುಗ ಹುಡುಗಿಯರ ವೇಳಾಪಟ್ಟಿ ನೋಡಿದರೆ ನನಗೆ ಮರುಕವಾಗುತ್ತದೆ. ಬೆಳಿಗ್ಗೆ ಉಪನ್ಯಾಸ, ಮಧ್ಯಾಹ್ನ ಹಳ್ಳಿ ಭೇಟಿ, ಸಂಜೆ ಚರ್ಚೆ, ರಾತ್ರಿ ಬರವಣಿಗೆ. ಕಾಗದದ ತುಂಬ ಚೌಕ. ಅದರ ನಡುವೆ ಎಲ್ಲೋ ಒಂದು ಚೌಕದಲ್ಲಿ ‘ಬಿಡುವು’ ಎಂದಷ್ಟೇ ಬರೆದು ಉಳಿದ ಜಾಗ ಖಾಲಿ ಬಿಟ್ಟಿರುತ್ತಾರೆ. ನನ್ನ ಕಣ್ಣು ಹೋಗುವುದು ಅಲ್ಲಿಗೇ. ಉಳಿದ ದಿನಗಳನ್ನು ಪ್ರಾಧ್ಯಾಪಕರು ನೋಡಿಕೊಳ್ಳುತ್ತಾರೆ. ಆ ಒಂದು ದಿನ ಮಾತ್ರ ಊರಿನವರ ಪಾಲಿಗೆ ಬರುತ್ತದೆ.

ನನ್ನ ಅಣ್ಣನ ಮಗ ಧಾರವಾಡದಲ್ಲಿ ಇಂಥ ತಂಡಗಳ ಊಟ, ವಸತಿ, ಓಡಾಟ ನೋಡಿಕೊಳ್ಳುತ್ತಾನೆ. ಒಂದು ಚಳಿಗಾಲ ಇಂಗ್ಲೆಂಡಿನ ಕಡೆಯಿಂದ ಒಂದು ತಂಡ ಬಂತು. ಮಹಿಳಾ ಸ್ವಸಹಾಯ ಸಂಘಗಳು, ಉಳಿತಾಯ, ರೈತರ ಸಾಲ ಇವು ಅವರ ಅಧ್ಯಯನದ ವಿಷಯ. ಗುರುವಾರ ರಾತ್ರಿ ಅವನ ಫೋನು ಬಂತು.

“ಅತ್ತೀ, ಭಾನುವಾರ ಸೂಟಿ ಐತ್ರಿ ಇವ್ರಿಗೆ. ಅರ್ಧ ಮಂದಿ ಹಂಪಿ ಅಂತಾರ, ಅರ್ಧ ಮಂದಿ ಗೋವಾ ಅಂತಾರ. ನೀವೇನಂತೀರಿ?”

“ಹಂಪಿಗೆ ಎಷ್ಟು ತಾಸು ಹಿಡೀತೈತಿ?”

“ಹೋಗಾಕ ಮೂರೂವರಿ, ನಾಕು ತಾಸ್ರಿ. ಬರಾಕೂ ಅಷ್ಟ.”

“ಹಗಲೆಲ್ಲಾ ಗಾಡ್ಯಾಗ ಕುಂತ್ರ ಅದು ಸೂಟಿ ಆತೇನಪಾ? ನಮ್ಮ ಕಡೆ ಕರ್ಕೊಂಡು ಬಾ.”

ಹಂಪಿಯ ಮೇಲೆ ನನಗೆ ಭಕ್ತಿಯೇ ಇದೆ. ಅದಕ್ಕೇ ಹಂಪಿಯನ್ನು ಮೂರು ತಾಸಿನಲ್ಲಿ ಮುಗಿಸಬಾರದು ಎನ್ನುತ್ತೇನೆ. ಹೆಸರಾದ ಊರನ್ನು ನೋಡಿಬಂದೆವು ಎನ್ನಿಸಿಕೊಳ್ಳುವುದಕ್ಕಾಗಿ ಇರುವ ಒಂದೇ ಬಿಡುವಿನ ದಿನವನ್ನು ಹೆದ್ದಾರಿಗೆ ಕೊಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ. ನಾನು ಸಂಪಗಾಂವದವಳು. ಈಗ ಅದು ಬೈಲಹೊಂಗಲ ತಾಲ್ಲೂಕಿನ ಒಂದು ಊರು. ಬ್ರಿಟಿಷರ ಕಾಲದಲ್ಲಿ ತಾಲ್ಲೂಕಿಗೇ ಅದರ ಹೆಸರಿತ್ತು. 1830ರಲ್ಲಿ ಸಂಗೊಳ್ಳಿ ರಾಯಣ್ಣನ ದಂಡು ಅಲ್ಲಿನ ಕಚೇರಿಯ ಮೇಲೆ ಬಿದ್ದಿತ್ತು. ಬೈಲಹೊಂಗಲದ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು ನಾನು. ಧಾರವಾಡದಿಂದ ಹೊರಟು ಕಿತ್ತೂರು, ಬೈಲಹೊಂಗಲ, ಸವದತ್ತಿ ಮುಟ್ಟಿ ಮತ್ತೆ ಧಾರವಾಡ ಸೇರಿದರೆ ಸುಮಾರು ನೂರಾ ಮೂವತ್ತು, ನೂರಾ ನಲವತ್ತು ಕಿಲೋಮೀಟರಿನ ಒಂದು ಸುತ್ತು. ಎಲ್ಲಿಯೂ ಒಂದು ತಾಸಿಗಿಂತ ಬಹಳ ಹೆಚ್ಚು ಹೊತ್ತು ಒಂದೇ ಸಮನೆ ಕೂಡಬೇಕಾಗಿಲ್ಲ.

ಮರುದಿನ ಅವನೇ ಮನೆಗೆ ಬಂದ, ಕೈಯಲ್ಲಿ ಕಾಗದ ಪೆನ್ನು ಹಿಡಿದು. ಕೂತವನೇ ಬರೆಯತೊಡಗಿದ: ಕಿತ್ತೂರು ಕೋಟೆ, ದೇಗಾವಿಯ ಕಮಲನಾರಾಯಣ ಗುಡಿ, ಎಂ.ಕೆ. ಹುಬ್ಬಳ್ಳಿಯ ಹೊಳೆಯಲ್ಲಿರುವ ಗಂಗಾಂಬಿಕೆಯ ಐಕ್ಯಮಂಟಪ, ಸಂಗೊಳ್ಳಿ, ಬೈಲಹೊಂಗಲದಲ್ಲಿರುವ ಕಿತ್ತೂರು ರಾಣಿ ಚನ್ನಮ್ಮನ ಸಮಾಧಿ, ಬೆಳವಡಿ, ಸೊಗಲದ ಸೋಮೇಶ್ವರ ಮತ್ತು ಜಲಪಾತ, ಹೂಲಿಯ ಪಂಚಲಿಂಗೇಶ್ವರ, ಶಿರಸಂಗಿ, ಮುನವಳ್ಳಿ, ನವಿಲುತೀರ್ಥ, ಸವದತ್ತಿ ಕೋಟೆ, ಯಲ್ಲಮ್ಮನ ಗುಡ್ಡ. ಒಂದೊಂದು ಹೆಸರು ಬರೆದಾಗಲೂ ಅವನ ಮುಖ ಅರಳುತ್ತಿತ್ತು. ನನಗೂ ಒಳಗೊಳಗೇ ಹಿಗ್ಗು. ನಮ್ಮ ಸೀಮೆಯಲ್ಲಿ ಇಷ್ಟೆಲ್ಲ ಇದೆ ಎಂದು ಹೊರಗಿನವರಿಗೆ ತೋರಿಸುವ ಆಸೆ ಯಾರಿಗಿಲ್ಲ? ಆದರೆ ಆ ಆಸೆ ನಮ್ಮದು, ದಿನ ಅವರದು. ಕಾಗದ ತೆಗೆದುಕೊಂಡು ಐದು ಹೆಸರು ಉಳಿಸಿ ಮಿಕ್ಕಿದ್ದಕ್ಕೆ ಗೆರೆ ಎಳೆದೆ. ದೇಗಾವಿಗೆ ಗೆರೆ ಎಳೆಯುವಾಗ ಮಾತ್ರ ಕೈ ತಡೆಯಿತು. ಗೋವೆಯ ಕದಂಬರ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ಒಳಗೆ ನಿಂತು ಕಲ್ಲಿನ ಕೆತ್ತನೆ ನೋಡಲಿಕ್ಕೇ ಅರ್ಧ ದಿನ ಬೇಕು. ಅರ್ಧ ತಾಸು ಕೊಟ್ಟು ಅದನ್ನು ಅವಮಾನಿಸುವುದು ಬೇಡವೆನಿಸಿತು.

ಕಿತ್ತೂರನ್ನು ಬಿಡುವ ಮಾತೇ ಇರಲಿಲ್ಲ. ಅದೂ ಇಂಗ್ಲೆಂಡಿನಿಂದ ಬಂದ ಇಪ್ಪತ್ತು, ಇಪ್ಪತ್ತೊಂದರ ಮಕ್ಕಳಿಗೆ. ಯಾಕೆಂದರೆ ಕಿತ್ತೂರಿನ ಕಥೆಯಲ್ಲಿ ಅವರದೇ ವಯಸ್ಸಿನ, ಅವರದೇ ಸೀಮೆಯ ಕಡೆಯವನೊಬ್ಬ ಇದ್ದಾನೆ. ನಮ್ಮ ಮಕ್ಕಳಿಗೆ ಪಾಠ ಹೇಳುವಾಗ ನಾವು ಥ್ಯಾಕರೆಯ ಹೆಸರು ಹೇಳುತ್ತೇವೆ: ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ, ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪ. ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ದತ್ತಕವನ್ನು ಒಪ್ಪದೆ ಸಂಸ್ಥಾನವನ್ನು ಕೈಗೆ ತೆಗೆದುಕೊಳ್ಳಲು ಬಂದವನು. ಅಕ್ಟೋಬರ್ 23ರಂದು ಕೋಟೆಯ ಮುಂದೆ ಗುಂಡೇಟಿಗೆ ಬಿದ್ದವನು. ಗುಂಡು ಹಾರಿಸಿದವನು ಅಮಟೂರು ಬಾಳಪ್ಪನೆಂದು ನಮ್ಮ ಕಡೆ ಮಗುವಿಗೂ ಗೊತ್ತು. ಆದರೆ ಅದೇ ದಿನ ಸೆರೆಸಿಕ್ಕ ಇಬ್ಬರಲ್ಲಿ ಒಬ್ಬನ ಕಥೆಯನ್ನು ನಾವು ಅಷ್ಟು ಹೇಳುವುದಿಲ್ಲ. ಅವನು ಥ್ಯಾಕರೆಯ ಸಹಾಯಕ ವಾಲ್ಟರ್ ಎಲಿಯಟ್. ಹುಟ್ಟಿದ್ದು 1803ರ ಜನವರಿಯಲ್ಲಿ. ಕಿತ್ತೂರಿನ ಕೋಟೆಯಲ್ಲಿ ಕೈದಿಯಾಗಿ ಕೂತಾಗ ಅವನಿಗೆ ಇಪ್ಪತ್ತೊಂದು. ಸ್ಟೀವನ್ಸನ್ ಎಂಬ ಇನ್ನೊಬ್ಬನೊಡನೆ ವಾರಗಟ್ಟಲೆ ಅಲ್ಲಿದ್ದ. ಡಿಸೆಂಬರಿನ ಮೊದಲ ವಾರ ದೊಡ್ಡ ದಂಡು ಬಂದು ಕೋಟೆ ಬೀಳುವ ಮುನ್ನವೇ ಚನ್ನಮ್ಮನ ಕಡೆಯವರು ಇಬ್ಬರನ್ನೂ ಜೀವಂತ ಬಿಟ್ಟುಕೊಟ್ಟರು.

ಮುಂದೆ ಅವನು ಏನು ಮಾಡಿದ ಎನ್ನುವುದೇ ನನಗೆ ಮುಖ್ಯ. ಹೆದರಿ ಊರಿಗೆ ಓಡಿಹೋಗಲಿಲ್ಲ. 1833ರವರೆಗೆ ಈ ಭಾಗದಲ್ಲೇ ನೌಕರಿ ಮಾಡಿದ. ಕಚೇರಿಯ ಕೆಲಸ ಮುಗಿದ ಹೊತ್ತಿನಲ್ಲಿ ಊರೂರಿನ ಗುಡಿಗಳ ಮುಂದೆ ನಿಂತಿದ್ದ ಶಾಸನದ ಕಲ್ಲುಗಳನ್ನು ಹುಡುಕಿ, ಪಂಡಿತರ ನೆರವಿನಿಂದ ಓದಿಸಿ ಪ್ರತಿ ಮಾಡಿಸಿದ. ಅವನು ಸಂಗ್ರಹಿಸಿದ ಶಾಸನಗಳು 595. ಅವುಗಳ ಆಧಾರದ ಮೇಲೆ ಅವನು ಬರೆದ ಲೇಖನ 1830ರ ದಶಕದಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಚಾಲುಕ್ಯರ ವಂಶಾವಳಿಯನ್ನು ಕಲ್ಲುಗಳಿಂದಲೇ ಜೋಡಿಸುವ ಕೆಲಸಕ್ಕೆ ಅಲ್ಲಿಂದ ದಾರಿಯಾಯಿತು. ಈ ಸೀಮೆಯ ಕಾಡುಪ್ರಾಣಿಗಳ ಪಟ್ಟಿಯನ್ನೂ ಅವನು 1839ರಲ್ಲಿ ಪ್ರಕಟಿಸಿದ್ದಾನೆ. ಅವನ ನಂತರ ಬಂದವನು ಜಾನ್ ಫೇತ್‌ಫುಲ್ ಫ್ಲೀಟ್. 1867ರಲ್ಲಿ ಮುಂಬಯಿ ಪ್ರಾಂತದ ಸೇವೆಗೆ ಸೇರಿ ಈ ಜಿಲ್ಲೆಗಳಲ್ಲಿ ಕಂದಾಯದ ಕೆಲಸ ಮಾಡುತ್ತ, ಎಲಿಯಟ್ ಬಿಟ್ಟುಹೋದ ಪ್ರತಿಗಳನ್ನು ಕೈಯಲ್ಲಿ ಹಿಡಿದು ಸವದತ್ತಿಯ ರಟ್ಟರ ಶಾಸನಗಳನ್ನು ಓದಿ ಪ್ರಕಟಿಸಿದ. ಸಂಬಳ ಬರುತ್ತಿದ್ದದ್ದು ಕಂದಾಯ ವಸೂಲಿಗೆ. ಇವತ್ತಿಗೂ ನಾವು ಅವರನ್ನು ನೆನೆಯುವುದು ಬಿಡುವಿನಲ್ಲಿ ಮಾಡಿದ ಕೆಲಸಕ್ಕೆ. ಅವರು ಆಳಲು ಬಂದವರು, ನಮ್ಮ ರಾಣಿಯನ್ನು ಸೆರೆಯಲ್ಲಿಟ್ಟ ಸರಕಾರದ ನೌಕರರು ಎನ್ನುವುದನ್ನು ನಾನು ಮರೆತಿಲ್ಲ. ಮರೆಯದೆಯೇ ಇದನ್ನೂ ಹೇಳುತ್ತೇನೆ.

ಈ ಕಥೆಯನ್ನು ಎಲ್ಲಿ ಹೇಳುವುದು ಎನ್ನುವುದಕ್ಕೂ ನಾವಿಬ್ಬರೂ ಬಹಳ ಮಾತಾಡಿದೆವು. ಗಾಡಿಯಲ್ಲೇ ಮೈಕು ಹಿಡಿದು ಹೇಳಿಬಿಡೋಣ, ಹೊತ್ತು ಉಳಿಯುತ್ತದೆ ಎಂದು ಅವನ ವಾದ. ನಾನು ಒಪ್ಪಲಿಲ್ಲ. ಕಿತ್ತೂರಿನ ಅರಮನೆಯಲ್ಲಿ ಈಗ ಉಳಿದಿರುವುದು ಮೋಟು ಗೋಡೆಗಳು, ಕಟ್ಟೆಗಳು, ಧ್ರುವ ನಕ್ಷತ್ರ ನೋಡಲೆಂದು ಬಿಟ್ಟ ಕಿಂಡಿ, ನೀರಿನ ವ್ಯವಸ್ಥೆಯ ಕುರುಹು. ಅಲ್ಲಿ ಏನಿತ್ತು ಎಂದು ತಿಳಿಯದವರಿಗೆ ಅದು ಬರೀ ಕಲ್ಲು. ಕಥೆ ಕೇಳುವಾಗ ಕೂತಿರುವ ಕಟ್ಟೆ ಅದೇ ಅರಮನೆಯದಾಗಿರಬೇಕು. ಮುಂಜಾನೆ ಏಳೂವರೆಗೆ ಧಾರವಾಡ ಬಿಟ್ಟರೆ ಬಿಸಿಲೇರುವ ಮೊದಲೇ ಕೋಟೆಯಲ್ಲಿ ಅಡ್ಡಾಡಬಹುದು. ಆಮೇಲೆ ವಸ್ತುಸಂಗ್ರಹಾಲಯದ ಬಾಗಿಲು ತೆರೆದಾಗ ಒಳಗಿನ ನೆರಳಿಗೆ ಹೋಗಬಹುದು. ದಿನದ ಯೋಜನೆಯೆಂದರೆ ಬಹುಪಾಲು ಬಿಸಿಲು ನೆರಳಿನ ಲೆಕ್ಕ. ಚಳಿಗಾಲದಲ್ಲೂ ಮಧ್ಯಾಹ್ನ ನಮ್ಮ ಎರೆ ಸೀಮೆಯ ಬಿಸಿಲಿಗೆ ಹೊಸಬರ ತಲೆ ಸುತ್ತುತ್ತದೆ.

ಇನ್ನೊಂದು ಲೆಕ್ಕವನ್ನು ಗಂಡಸರು ಬರೆಯುವ ಪಟ್ಟಿಗಳಲ್ಲಿ ನಾನು ಕಂಡಿದ್ದು ಕಡಿಮೆ. ತಂಡದಲ್ಲಿ ಹೆಣ್ಣುಮಕ್ಕಳೇ ಹೆಚ್ಚಿದ್ದರು. ಸ್ವಚ್ಛ ಶೌಚಾಲಯ ಎಲ್ಲಿದೆ, ಎಷ್ಟು ತಾಸಿಗೊಮ್ಮೆ ಸಿಗುತ್ತದೆ ಎನ್ನುವುದು ಗೊತ್ತಿಲ್ಲದಿದ್ದರೆ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ನಮ್ಮ ಹೆಣ್ಣುಮಕ್ಕಳೂ ಪ್ರವಾಸದಲ್ಲಿ ಹಾಗೇ ಮಾಡುತ್ತಾರೆ. ಶಾಲೆಯಲ್ಲಿದ್ದಾಗ ನಾನು ಎಷ್ಟೋ ಸಲ ನೋಡಿದ್ದೇನೆ. ಆದ್ದರಿಂದ ಮೊದಲು ಶೌಚಾಲಯಗಳನ್ನು ಗುರುತು ಮಾಡಿ ಅವುಗಳ ನಡುವೆ ಸ್ಥಳಗಳನ್ನು ಹೊಂದಿಸಬೇಕು ಎಂದು ಅಣ್ಣನ ಮಗನಿಗೆ ಹೇಳಿದೆ. ಅವನು ಸುಮ್ಮನೆ ಗೋಣು ಹಾಕಿದ, ಬರೆದುಕೊಂಡ. ಬೈಲಹೊಂಗಲದಲ್ಲಿ ಊಟಕ್ಕೆ ಖಾನಾವಳಿಯ ಬದಲು ನಮ್ಮ ಮನೆಯನ್ನೇ ಗೊತ್ತು ಮಾಡಿದ್ದಕ್ಕೆ ಇದೂ ಒಂದು ಕಾರಣ.

ಊಟದ ವಿಷಯದಲ್ಲಿ ಒಂದು ಪ್ರಶ್ನೆ ಮೊದಲೇ ಕೇಳಿ ಬರಬೇಕೆಂದು ಅವನಿಗೆ ತಾಕೀತು ಮಾಡಿದ್ದೆ: ಶೇಂಗಾ ಯಾರಿಗಾದರೂ ಆಗಿಬರುವುದಿಲ್ಲವೇ? ಆ ದೇಶಗಳಲ್ಲಿ ಕೆಲವು ಮಕ್ಕಳಿಗೆ ಒಂದು ಕಾಳು ಶೇಂಗಾ ತಿಂದರೂ ಉಸಿರು ಕಟ್ಟುತ್ತದೆ. ನಮ್ಮ ಅಡುಗೆಯಲ್ಲೋ ಶೇಂಗಾ ಇಲ್ಲದ ಜಾಗವಿಲ್ಲ. ಎಣ್ಣೆಗಾಯಿ ಬದನೆಕಾಯಿಯೊಳಗೆ ಅದರ ಪುಡಿ, ಚಟ್ನಿ ಅದರದೇ, ಹೋಳಿಗೆಯೂ ಅದರದೇ, ಒಗ್ಗರಣೆಗೆ ಹಾಕುವ ಎಣ್ಣೆಯೂ ಎಷ್ಟೋ ಮನೆಗಳಲ್ಲಿ ಅದರದೇ. ಒಬ್ಬ ಹುಡುಗಿಗೆ ಆಗುವುದಿಲ್ಲವೆಂದು ತಿಳಿಯಿತು. ಆ ದಿನ ನಮ್ಮ ಅಡುಗೆಮನೆಗೇ ಶೇಂಗಾ ಬರಲಿಲ್ಲ. ಬದನೆಕಾಯಿಗೆ ಎಳ್ಳು, ಗುರೆಳ್ಳು, ಒಣಕೊಬ್ಬರಿ ತುಂಬಿದೆವು. ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಮೆಂತ್ಯ ಸೊಪ್ಪು, ಹಸಿ ಉಳ್ಳಾಗಡ್ಡಿ. ನೆರೆಮನೆಯವರು ರೊಟ್ಟಿ ಬಡಿಯಲು ಬಂದರು. ಹುಡುಗಿಯರೂ ಒಲೆಯ ಮುಂದೆ ಕೂತು ಕೈ ಹಚ್ಚಿದರು. ಆ ಊಟಕ್ಕೆ ಕಾಗದದಲ್ಲಿ ಒಂದು ತಾಸು ಬರೆದಿದ್ದ ಅವನು. ನಾನು ಎರಡು ಮಾಡಿಸಿದ್ದೆ, ಅದೂ ಸಾಲಲಿಲ್ಲ.

ಊಟಕ್ಕೆ ಮುಂಚೆ ಚನ್ನಮ್ಮನ ಸಮಾಧಿಗೆ ಹೋಗಿದ್ದೆವು. ಕಿತ್ತೂರು ಬಿದ್ದ ಮೇಲೆ ಆಕೆಯನ್ನು ಬೈಲಹೊಂಗಲದ ಕೋಟೆಯಲ್ಲಿ ಇಟ್ಟರು. 1829ರ ಫೆಬ್ರವರಿ 2ರಂದು ಅಲ್ಲೇ ತೀರಿಕೊಂಡಳು. ಆಕೆ ಸೆರೆಯಲ್ಲಿದ್ದದ್ದು ನಾಲ್ಕು ವರ್ಷಕ್ಕೂ ಮೇಲೆ. ಎಲಿಯಟ್ಟನ ಕಥೆಯನ್ನು ಕೇಳಿಸಿ ಈ ಜಾಗಕ್ಕೆ ಕರೆತರದಿದ್ದರೆ ಆ ಕಥೆ ಅರ್ಧವಾಗುತ್ತದೆ, ವಾಲುತ್ತದೆ. ಅವನನ್ನು ಇಲ್ಲಿನವರು ವಾರಗಳ ನಂತರ ಬಿಟ್ಟರು. ಆಕೆಯನ್ನು ಅವರು ಬಿಡಲೇ ಇಲ್ಲ. ನಾನು ಇಷ್ಟನ್ನೇ ಹೇಳಿದೆ. ಯಾರೂ ಫೋಟೊ ತೆಗೆಯಲಿಲ್ಲ. ಒಬ್ಬ ಹುಡುಗ ಮಾತ್ರ ತನ್ನ ಪುಸ್ತಕದಲ್ಲಿ ಎರಡು ಇಸವಿ ಬರೆದು ಕೆಳಗೆ ಗೆರೆ ಎಳೆದ.

ಬೈಲಹೊಂಗಲದಿಂದ ಸವದತ್ತಿಯ ದಾರಿ ನನಗೆ ಅಚ್ಚುಮೆಚ್ಚು. ಹಿಂಗಾರಿನಲ್ಲಿ ಎರಡೂ ಕಡೆ ಕಪ್ಪು ನೆಲ, ಬಿಳಿಜೋಳ, ಕಡಲೆ, ಕುಸುಬೆ, ಅಲ್ಲಲ್ಲಿ ಬಿಡಿಸಿ ಮುಗಿದ ಹತ್ತಿಯ ಹೊಲ. ಸೀತನಿಯ ಕಾಲವದು. ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು ಬಿಸಿಯಿರುವಾಗಲೇ ತಿಕ್ಕಿ ಕಾಳು ಉದುರಿಸುತ್ತಾರೆ. ಬೆಲ್ಲದ ಜೊತೆಗೋ ಚಟ್ನಿಪುಡಿಯ ಜೊತೆಗೋ ತಿನ್ನುತ್ತಾರೆ. “ಅತ್ತೀ, ಸೀತನಿ ಅಂತ ಬರೀಲ್ಯಾ? ಮೂರರಿಂದ ಮೂರೂವರಿ?” ಎಂದು ಅವನು ಕೇಳಿದ್ದ. ಬರೆಯಬೇಡ ಎಂದೆ. ಹೊಲದಲ್ಲಿ ಹೊಗೆ ಕಂಡರೆ ಗಾಡಿ ನಿಲ್ಲಿಸು, ಕಾಣದಿದ್ದರೆ ಮುಂದೆ ನಡೆ. ಆ ಒಂದು ತಾಸನ್ನು ಹಾಗೇ ಬಿಡು, ಅದರ ಮುಂದೆ ಏನನ್ನೂ ಬರೆಯಬೇಡ. ಬಿಡುವಿನ ದಿನದಲ್ಲಿ ಹೀಗೆ ಯಾರ ಹೆಸರಿಗೂ ಬರೆಯದ ಒಂದಿಷ್ಟು ಹೊತ್ತು ಇರಲೇಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಕಡಲೆ ಹೊಲದ ಬದಿಗೆ ಗಾಡಿ ನಿಂತಿತು. ಹೊಲದವರು ಪರಿಚಯದವರಲ್ಲ. “ಬರ್ರಿ, ಸುಲಗಾಯಿ ತಿನ್ರಿ” ಎಂದು ಅವರೇ ಕರೆದರು. ಹಸಿ ಕಡಲೆಯ ಗಿಡಗಳನ್ನು ಕಿತ್ತು ಒಬ್ಬೊಬ್ಬರ ಕೈಗೂ ಒಂದೊಂದು ಕೊಟ್ಟರು. ಹುಳಿಯ ಎಲೆ ನಾಲಿಗೆಗೆ ತಾಗಿ ಹುಡುಗರು ಕಣ್ಣು ಮುಚ್ಚಿಕೊಂಡರು, ಮತ್ತೆ ಕೈಚಾಚಿದರು.

ನವಿಲುತೀರ್ಥಕ್ಕೆ ನಾವು ಮುಟ್ಟಿದಾಗ ನಾಲ್ಕು ಗಂಟೆ ದಾಟಿತ್ತು. ಕಣಕುಂಬಿಯಲ್ಲಿ ಹುಟ್ಟಿ ನಮ್ಮ ಊರುಗಳನ್ನೆಲ್ಲ ಬಳಸಿ ಬರುವ ಮಲಪ್ರಭೆ ಇಲ್ಲಿ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ನುಗ್ಗುತ್ತದೆ. ಗುಡ್ಡಗಳೇ ಗೋಡೆಯಾದ್ದರಿಂದ ಅಣೆಕಟ್ಟಿನ ಉದ್ದ ನೂರೈವತ್ತು ಮೀಟರಿನ ಆಸುಪಾಸು ಮಾತ್ರ. ಹಿಂದೆ ನಿಲ್ಲುವ ನೀರು ಮೂವತ್ತೇಳು ಟಿಎಂಸಿಗೂ ಮೇಲೆ. ಅಷ್ಟು ಗಿಡ್ಡ ಕಟ್ಟೆಯ ಹಿಂದೆ ಅಷ್ಟು ದೊಡ್ಡ ರೇಣುಕಾಸಾಗರ ಕಂಡಾಗ ಯಾರಿಗಾದರೂ ಬೆರಗಾಗುತ್ತದೆ. ಕಟ್ಟೆಯ ಮೇಲೆ ಹೋಗಲು ಅನುಮತಿ ಕೇಳಬೇಕಾಗುತ್ತದೆ. ಅದರ ಗೋಜಿಗೆ ಹೋಗದೆ ದೂರದಿಂದಲೇ ನೋಡಿದೆವು.

ಇಲ್ಲಿ ನನಗೂ ಅಣ್ಣನ ಮಗನಿಗೂ ಸಣ್ಣ ಜಗಳವಾಯಿತು. ಈ ನೀರಿನ ಕಾಲುವೆಗಳ ಕೆಳಗಿನ ನರಗುಂದ, ನವಲಗುಂದದ ರೈತರು ನೀರಿನ ಕರ, ಅಭಿವೃದ್ಧಿ ಕರಗಳ ಭಾರ ತಾಳದೆ 1980ರ ಜುಲೈ 21ರಂದು ಬೀದಿಗಿಳಿದದ್ದು, ಗೋಲಿಬಾರಿನಲ್ಲಿ ಪ್ರಾಣ ಹೋದದ್ದು, ಅಲ್ಲಿಂದ ರಾಜ್ಯದ ರೈತ ಚಳವಳಿಯೇ ಎದ್ದು ನಿಂತದ್ದು ಎಲ್ಲವನ್ನೂ ಹೇಳಬೇಕು, ಅವರು ಅಧ್ಯಯನ ಮಾಡುತ್ತಿರುವುದೇ ರೈತರ ಸಾಲವನ್ನಲ್ಲವೇ ಎಂದು ಅವನು. ಮೇಲಿನವರು ಈ ಪ್ರವಾಸದ ಮೇಲೂ ಹುಡುಗರಿಂದ ಎರಡು ಪುಟ ವರದಿ ಬರೆಸಲು ಹೇಳಿದ್ದಾರೆ ಎಂದೂ ಸೇರಿಸಿದ. ನನಗೆ ಸಿಟ್ಟು ಬಂತು. ಬರೆಸುವುದಾದರೆ ಸೋಮವಾರ ಇನ್ನೊಮ್ಮೆ ಕರೆತಾ, ರೈತರನ್ನೇ ಕೂಡಿಸಿ ಮಾತಾಡಿಸೋಣ, ನಾನೇ ಬರುತ್ತೇನೆ; ಇವತ್ತು ಮಾತ್ರ ಬಿಡು ಎಂದೆ. ಸೂಟಿಯೆಂದು ಕರೆದುಕೊಂಡು ಬಂದು ಪಾಠ ಮಾಡಿದರೆ ಮಕ್ಕಳಿಗೆ ಮೋಸವಾಗುತ್ತದೆ. ನಲವತ್ತು ವರ್ಷದ ಹಿಂದಿನ ಆ ಸಾವುಗಳಿಗೂ ಅದು ಗೌರವವಲ್ಲ. ದಣಿದ ಕಿವಿಗಳಿಗೆ ಹೇಳುವ ಮಾತಲ್ಲ ಅದು. ಅವನು ಒಪ್ಪಿಕೊಂಡ. ಮಕ್ಕಳು ನೀರಿನ ಕಡೆ ಮುಖ ಮಾಡಿ ಸುಮ್ಮನೆ ಕೂತರು. ಕೆಲವರು ಅಲ್ಲೇ ಹುಲ್ಲಿನ ಮೇಲೆ ನಿದ್ದೆ ಹೋದರು. ನನಗೆ ಬಹಳ ಸಮಾಧಾನವಾಯಿತು.

ಯಲ್ಲಮ್ಮನ ಗುಡ್ಡದ ಬಗ್ಗೆ ಕೊನೆಯವರೆಗೂ ನಿರ್ಧಾರವಾಗಿರಲಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಸೇರುವ ಜಾಗ. ಆ ದಿನಗಳಲ್ಲಿ ಗಾಡಿ ನಿಲ್ಲಿಸಲೂ ಎಡೆಯಿರುವುದಿಲ್ಲ, ಹಾಗಾಗಿ ಪಂಚಾಂಗ ನೋಡಿಯೇ ಭಾನುವಾರ ಒಪ್ಪಿದ್ದೆ. ನನ್ನ ಅಳುಕು ಬೇರೆ ಇತ್ತು. ಹೊರಗಿನವರು ಗುಡ್ಡಕ್ಕೆ ಬರುವಾಗ ದೇವದಾಸಿ ಪದ್ಧತಿಯ ಬಗ್ಗೆ ಓದಿಕೊಂಡೇ ಬರುತ್ತಾರೆ. ಮುತ್ತು ಕಟ್ಟುವುದನ್ನು ನಿಷೇಧಿಸಿ ನಮ್ಮ ರಾಜ್ಯ 1982ರಲ್ಲೇ ಕಾಯ್ದೆ ಮಾಡಿದೆ. ಆ ನೋವು ಸುಳ್ಳಲ್ಲ, ಮುಚ್ಚಿಡಬೇಕೆಂದೂ ನಾನು ಹೇಳುವುದಿಲ್ಲ. ಆದರೆ ಕೊಡ ಹೊತ್ತು ಬರುವ ಪ್ರತಿ ಜೋಗಮ್ಮನನ್ನೂ ಅದೇ ಕಣ್ಣಿನಿಂದ ನೋಡಿ ಕ್ಯಾಮೆರಾ ಎತ್ತಿದರೆ ಆಕೆಯ ಭಕ್ತಿ, ಆಕೆಯ ದಣಿವು, ಆಕೆಯ ಜೊತೆ ಬಂದ ಮೊಮ್ಮಗು ಯಾವುದೂ ಕಾಣುವುದಿಲ್ಲ. ಅದಕ್ಕೆ ತಂಡವನ್ನು ಎರಡು ಮಾಡಿದೆ. ಯಾರಿಗೆ ಬೇಕೋ ಅವರು ಚಪ್ಪಲಿ, ಕ್ಯಾಮೆರಾ ಗಾಡಿಯಲ್ಲೇ ಬಿಟ್ಟು ನನ್ನ ಜೊತೆ ಗುಡ್ಡಕ್ಕೆ. ಉಳಿದವರು ಅವನ ಜೊತೆ ಸವದತ್ತಿಯ ಊರೊಳಗೆ, ಶಿರಸಂಗಿ ದೇಸಾಯಿಯರು 18ನೇ ಶತಮಾನದಲ್ಲಿ ಕಟ್ಟಿಸಿದ ಕೋಟೆಗೆ, ಅಂಕೇಶ್ವರ ಗುಡಿಗೆ. ಇಡೀ ತಂಡ ಒಂದೇ ಕಡೆ ಹೋಗಲೇಬೇಕು ಎನ್ನುವ ನಿಯಮವನ್ನು ವಾರವೆಲ್ಲ ಪಾಲಿಸಿದವರಿಗೆ ಆ ಒಂದು ಸಂಜೆಯಾದರೂ ಬೇರೆಯಾಗುವ ಹಕ್ಕಿದೆ.

ಗುಡ್ಡದಲ್ಲಿ ಭಂಡಾರ ಹಾರುತ್ತಿತ್ತು, ‘ಉಧೋ ಉಧೋ’ ಕೂಗು ಏಳುತ್ತಿತ್ತು. ಒಬ್ಬ ಮುದುಕಿ ನಮ್ಮ ಹುಡುಗಿಯರ ಹಣೆಗೆ ತಾನೇ ಭಂಡಾರ ಹಚ್ಚಿ, “ಯಾ ಊರವ್ವಾ?” ಎಂದು ಕೇಳಿದಳು. ನಾನು ಊರು ಹೇಳಿದೆ. “ಅಷ್ಟ ದೂರದಿಂದ ಬಂದ್ರೇನ? ಊಟ ಮಾಡೀರಿಲ್ಲ?” ಎಂದಳು. ಅತ್ತ ಕೋಟೆಗೆ ಹೋದವರಲ್ಲಿ ಬೆಳಿಗ್ಗೆ ಎಲಿಯಟ್ಟನ ಕಥೆ ಕೇಳಿದ್ದ ಇಬ್ಬರು ಶಾಸನದ ಕಲ್ಲು ಎಲ್ಲಿದೆ ತೋರಿಸಿ ಎಂದು ಅಣ್ಣನ ಮಗನ ಬೆನ್ನು ಹತ್ತಿದರಂತೆ.

ಧಾರವಾಡ ಮುಟ್ಟಿದಾಗ ರಾತ್ರಿ ಎಂಟೂವರೆ. ಇಳಿಯುವ ಮುನ್ನವೇ ಮುಂದಿನ ತಂಡದ ಮಾತು ಬಂತು. ಅವರಿಗೆ ಎರಡು ದಿನ ಬಿಡುವಂತೆ. ಹಾಗಾದರೆ ಎರಡನೆಯ ದಿನ ರಾಮದುರ್ಗದ ಕಡೆಗೆ ಎಂದು ಅಲ್ಲೇ ಹೇಳಿದೆ. ಮಲಪ್ರಭೆಯ ಜೊತೆಗೇ ಕೆಳಗೆ ಇಳಿಯುವುದು. ತೊರಗಲ್ಲಿನ ಕೋಟೆ, ಅಲ್ಲಿನ ಭೂತನಾಥ ಗುಡಿ; ಸುರೇಬಾನದ ಹತ್ತಿರ ಶಬರಿಕೊಳ್ಳದ ನೆರಳಲ್ಲಿ ಬುತ್ತಿ; ರಾಮದುರ್ಗದಲ್ಲಿ ಮಗ್ಗದ ಓಣಿ, ಸಂಸ್ಥಾನದ ವಿರುದ್ಧ 1939ರಲ್ಲಿ ಪ್ರಜೆಗಳು ಎದ್ದ ಊರನ್ನು ನಡೆದೇ ಸುತ್ತುವುದು. ಗೊಡಚಿ ವೀರಭದ್ರನನ್ನು ಸೇರಿಸಲೋ ಬೇಡವೋ ಎಂದು ಅವನು ಕೇಳಿದ್ದಾನೆ. ಮಗ್ಗದ ಮನೆಯಲ್ಲಿ ಎಷ್ಟು ಹೊತ್ತು ಕೂಡುತ್ತಾರೋ ನೋಡಿಕೊಂಡು ಹೇಳುತ್ತೇನೆ ಎಂದಿದ್ದೇನೆ. ನೇಕಾರರ ಮನೆಯವರೊಂದಿಗೆ ಮಾತಾಡಿಬರಲು ಮುಂದಿನ ವಾರ ಇಬ್ಬರೂ ಹೋಗುವವರಿದ್ದೇವೆ. ಶೌಚಾಲಯವನ್ನೂ ನೋಡಿಕೊಂಡು ಬರಬೇಕು.